ಭಾನುವಾರಕ್ಕೆ ಐದು ಪದ

ಚಾಮರಾಜಪೇಟೆ ಐದನೇ ಮುಖ್ಯರಸ್ತೆಯಲ್ಲಿರುವ ಶೀನಣ್ಣನ ಪ್ರೆಸ್ಸಿಗೆ ಮಹಾನಂದ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಬಿನ್ನಿಪೇಟೆಯಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಮಿಲ್ಲಿನ ಮಗ್ಗದ ಮುಂದೆ ನಿಂತು ಆಯಸ್ಸು ಸವೆಸಿದವರು. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯನ್ನು ಹೇಗೋ ದಾಟಿ, ಆರು ತಿಂಗಳು ಡಿಟಿಪಿ ಕಲಿತು ಬಂದಿದ್ದಳು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೂ ಅವಳ ಬೆರಳ ತುದಿಯಲ್ಲಿದ್ದವು. ಅರ್ಥ ಮಾತ್ರ ತಲೆಯಲ್ಲಿರಲಿಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ, ಏನೇ ಬರಲಿ, ಕೈಬರಹ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಕೂರಿಸಿಬಿಡುತ್ತಿದ್ದಳು. ಚುಕ್ಕಿ ಇಡಲು ಬಂದು ರಂಗೋಲಿ ಎಳೆಯಲು ಬಾರದವಳ ಸ್ಥಿತಿ ಅದು. ಆದರೂ ಶೀನಣ್ಣ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: "ನಮ್ಮ ಮಹಾನಂದ ಕೂತ್ರೆ ಮುಗೀತು ಸಾರ್, ಒಂದು ತಪ್ಪು ತೋರ್ಸಿ ನೋಡೋಣ."

ಹನ್ನೆರಡು ವರ್ಷ ಹೀಗೆಯೇ ನಡೆಯಿತು. ಅಷ್ಟರಲ್ಲಿ ಮದುವೆಯಾಗಿತ್ತು. ಗಂಡ ಗೌರೀಶ ಮದುವೆ ಛತ್ರಗಳಿಗೆ ದೀಪದ ಸರ ಕಟ್ಟುವ ಎಲೆಕ್ಟ್ರಿಷಿಯನ್. ಮಗಳು ಧೃತಿಗೆ ಎಂಟು ತುಂಬಿತ್ತು. ಅತ್ತೆ ತಿಮ್ಮಕ್ಕ ಇವರ ಜೊತೆಗೇ ಇದ್ದರು.

ಒಂದು ಮಾರ್ಚ್ ತಿಂಗಳು ಬಸವನಗುಡಿಯ ಒಂದು ಮನೆಯಿಂದ ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚಿಗೆ ಬಂತು. ತೀರಿಕೊಂಡವರ ಹೆಸರು ಕಾವೇರಮ್ಮ. ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು. ಇಂಗ್ಲಿಷ್ ಒಕ್ಕಣೆಯನ್ನು ಯಾರೋ ಗಡಿಬಿಡಿಯಲ್ಲಿ ಬರೆದಿದ್ದರು. ಅದರಲ್ಲಿ ಉತ್ತರಕ್ರಿಯೆ ಎಂಬ ಅರ್ಥದ ಒಂದು ದೊಡ್ಡ ಪದವಿತ್ತು, ಆಬ್ಸಿಕ್ವೀಸ್ ಎಂದು. ಮಹಾನಂದಳಿಗೆ ಅದರ ಕೊನೆಯ ಅಕ್ಷರಗಳು ಬಿಡಿಸಲಾಗಲಿಲ್ಲ. ಊಹಿಸಿ ಒತ್ತಿದಳು. ಅಡಿಯಲ್ಲಿ ಕೆಂಪು ಗೆರೆ ಬಿತ್ತು. ಕಂಪ್ಯೂಟರು ಎರಡು ಪದಗಳನ್ನು ತೋರಿಸಿ ಯಾವುದು ಬೇಕು ಎಂದು ಕೇಳಿತು. ಇನ್ನೊಂದಕ್ಕಿಂತ ಒಂದು ಒಂದಕ್ಷರ ಉದ್ದ. ಸತ್ತವರ ವಿಷಯ, ಉದ್ದನೆಯದೇ ಹೆಚ್ಚು ಗೌರವದ್ದಿರಬೇಕು ಎಂದುಕೊಂಡು ಅದನ್ನೇ ಒತ್ತಿದಳು. ಪ್ರೂಫನ್ನು ಮನೆಯವರ ಫೋನಿಗೆ ಕಳಿಸಿದ್ದಾಯಿತು. ದುಃಖದ ಮನೆ, ಸರಿಯಾಗಿ ಓದುವ ಮನಸ್ಸು ಯಾರಿಗಿರುತ್ತದೆ? ಸರಿ ಎಂದು ಉತ್ತರ ಬಂತು. ಮುನ್ನೂರು ಕಾರ್ಡು ಅಚ್ಚಾದವು.

ಮರುದಿನ ಹನ್ನೊಂದರ ಸುಮಾರಿಗೆ ಎಪ್ಪತ್ತರ ಹತ್ತಿರದ ಒಬ್ಬರು ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದರು. ಬಿಳಿ ಪಂಚೆ, ನಾಲ್ಕಾರು ದಿನದ ಗಡ್ಡ. ಸೂತಕದಲ್ಲಿ ಹೊರಗೆ ಹೊರಟ ಅಪ್ಪನನ್ನು ತಡೆಯಲಾಗದೆ ಮಗಳು ಶ್ರೀವಿದ್ಯಾ ಹಿಂದೆಯೇ ಬಂದಿದ್ದಳು. ಅವರು ಕಾವೇರಮ್ಮನವರ ಗಂಡ ದೊರೆಸ್ವಾಮಿ, ಮೂವತ್ತೈದು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು.

"ಈ ಇಂಗ್ಲಿಷ್ ಕಾರ್ಡು ಕಂಪೋಸ್ ಮಾಡಿದ್ದು ಯಾರು?" ಎಂದರು.

ಶೀನಣ್ಣನ ಮುಖದ ಬಣ್ಣವೇ ಬದಲಾಯಿತು. "ಸಾರ್, ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಹೇಳಿ, ಸಂಜೆಯೊಳಗೆ ಬೇರೆ ಹೊಡ್ಕೊಡ್ತೀನಿ."

ಮಹಾನಂದ ಕುರ್ಚಿಯಿಂದ ಎದ್ದಳು. "ನಾನು ಸರ್."

ಅವರು ಕಾರ್ಡನ್ನು ಅವಳ ಮುಂದೆ ಹಿಡಿದು ಒಂದು ಪದದ ಕೆಳಗೆ ಉಗುರಿಟ್ಟರು. "ಇದರ ಅರ್ಥ ಗೊತ್ತೇನಮ್ಮಾ?"

"ಗೊತ್ತಿಲ್ಲ ಸರ್."

"ಅಬ್ಸೀಕ್ವಿಯಸ್. ದೊಡ್ಡೋರ ಮುಂದೆ ಬೆನ್ನು ಬಗ್ಗಿಸಿ, ಕೈ ಹೊಸಕ್ತಾ, ಹಲ್ಲು ಗಿಂಜ್ಕೊಂಡು ನಿಲ್ತಾರಲ್ಲ, ಆ ಬುದ್ಧಿ. ನಮ್ಮ ಕಾವೇರಿ ನಲವತ್ತೊಂದು ವರ್ಷ ಸಂಸಾರ ಮಾಡಿದಳು. ಒಂದೇ ಒಂದು ದಿನ ನನ್ನ ಮುಂದೆ ಹಾಗೆ ನಿಂತೋಳಲ್ಲ. ಜೀವ ಇದ್ದಾಗ ನನ್ನ ಕೈಲಿ ಆಗದೇ ಇದ್ದಿದ್ದನ್ನ ನೀವು ಒಂದು ಕಾರ್ಡಲ್ಲಿ ಮಾಡ್ಬಿಟ್ರಲ್ರೀ!"

ಇಷ್ಟು ಹೇಳಿ ಅವರು ನಕ್ಕುಬಿಟ್ಟರು. ದೊಡ್ಡದಾಗಿ, ಹೊಟ್ಟೆ ಕುಲುಕಿ ನಕ್ಕರು. ನಗು ಹಾಗೆಯೇ ಅಳುವಾಯಿತು. ಶೀನಣ್ಣ ಓಡಿ ಹೋಗಿ ಸ್ಟೂಲು ತಂದು ಹಾಕಿದ. ಶ್ರೀವಿದ್ಯಾ ಅಪ್ಪನ ಬೆನ್ನು ಸವರುತ್ತ, "ತಪ್ಪು ನಮ್ಮದೂ ಇದೆ, ಪ್ರೂಫ್ ನೋಡಿ ಸರಿ ಅಂದಿದ್ದು ನಾನೇ" ಎಂದಳು. ಆಮೇಲೆ ಮೆಲ್ಲಗೆ, "ಅಮ್ಮ ಹೋದ್ಮೇಲೆ ಅಪ್ಪ ನಕ್ಕಿದ್ದು ಇದೇ ಮೊದಲು" ಎಂದೂ ಸೇರಿಸಿದಳು.

ಹೊರಡುವ ಹೊತ್ತಿಗೆ ಮಹಾನಂದ ಧೈರ್ಯ ಮಾಡಿ ಕೇಳಿದಳು. "ಸರ್, ಕಂಪ್ಯೂಟರು ಇನ್ನೊಂದು ಪದಾನೂ ತೋರಿಸಿತ್ತು, ಅದೂ ಹೆಚ್ಚುಕಮ್ಮಿ ಇದೇ ಥರ ಇತ್ತು. ಎರಡಕ್ಕೂ ಏನು ಸಂಬಂಧ?"

ದೊರೆಸ್ವಾಮಿ ಬಾಗಿಲಲ್ಲಿ ನಿಂತರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಕ್ಷಮಿಸಿ ಅಂತ ಕೇಳ್ತೀರ ಅಂದ್ಕೊಂಡಿದ್ದೆ. ಇದನ್ನ ಕೇಳ್ತೀರ ಅಂದ್ಕೊಂಡಿರ್ಲಿಲ್ಲ. ಕಾರ್ಯ ಎಲ್ಲ ಮುಗೀಲಿ. ಒಂದು ಭಾನುವಾರ ಮನೆಗೆ ಬನ್ನಿ, ಹೇಳ್ತೀನಿ."

ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡಳು. ಹೋಗಲೋ ಬೇಡವೋ ಎಂದು ಎರಡು ವಾರ ಹೊಯ್ದಾಡಿದಳು. ಗೌರೀಶ ಮಾತು ಕಡಮೆಯ ಮನುಷ್ಯ. "ಹೋಗ್ಬಾ. ಬೈಯೋರಾಗಿದ್ರೆ ಅವತ್ತೇ ಬೈದಿರೋರು" ಎಂದ. ಅಷ್ಟು ಸಾಕಾಯಿತು.

ದೊರೆಸ್ವಾಮಿಯವರ ಮನೆ ಗಾಂಧಿ ಬಜಾರಿನಿಂದ ಎರಡು ಅಡ್ಡರಸ್ತೆ ಆಚೆ. ಮುಂದೆ ಚಿಕ್ಕ ಜಗಲಿ, ಪಕ್ಕದಲ್ಲಿ ಒಂದು ನಂಜಬಟ್ಟಲು ಗಿಡ. ಮಹಾನಂದ ಎರಡು ಡಜನ್ ಬಾಳೆಹಣ್ಣು ಹಿಡಿದು ಹೋದಳು. ಅವರು ಅವಳನ್ನು ಜಗಲಿಯ ಮೇಲೆ ಕೂರಿಸಿ, ಹಿಂದಿನ ದಿನ ಬಿಟ್ಟ ಪಾಠವನ್ನು ಮುಂದುವರಿಸುವವರ ಹಾಗೆ ಶುರುಮಾಡಿದರು.

"ಸಂಸ್ಕೃತದಲ್ಲಿ ಗಮ್ ಅಂತ ಧಾತು ಇದೆ. ಗಮನ, ಆಗಮನ, ನಿರ್ಗಮನ, ಎಲ್ಲ ಅದರ ಮಕ್ಕಳು. ಹಾಗೇ ಲ್ಯಾಟಿನ್ನಿನಲ್ಲಿ ಸೀಕ್ವಿ ಅಂತ ಒಂದಿದೆ. ಹಿಂದೆ ಹೋಗು ಅಂತ ಅರ್ಥ. ಹೆಣದ ಹಿಂದೆ ಹೋಗೋದೂ ಹಿಂಬಾಲಿಸೋದೇ; ಸಾಹೇಬ್ರ ಹಿಂದೆ ಬಾಲ ಅಲ್ಲಾಡಿಸ್ಕೊಂಡು ಹೋಗೋದೂ ಹಿಂಬಾಲಿಸೋದೇ. ಮೊದಲನೇದು ಆಬ್ಸಿಕ್ವೀಸ್, ಎರಡನೇದು ಅಬ್ಸೀಕ್ವಿಯಸ್. ಅಕ್ಕತಂಗೀರು. ಒಬ್ಬಳು ಗೌರವಸ್ಥೆ, ಇನ್ನೊಬ್ಬಳು ಹಲ್ಲು ಗಿಂಜೋಳು. ಸೀಕ್ವೆನ್ಸ್, ಕಾನ್ಸಿಕ್ವೆನ್ಸ್, ಸಬ್ಸಿಕ್ವೆಂಟ್, ಇವೆಲ್ಲ ಕೇಳಿದೀರಲ್ಲ? ಅದೇ ಮನೆತನ."

ಮಹಾನಂದಳಿಗೆ ಮೈ ಜುಮ್ಮೆಂದಿತು. ಹನ್ನೆರಡು ವರ್ಷ ತಾನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಅಕ್ಷರಗಳ ಒಳಗೆ ಇಂಥ ನೆಂಟಸ್ತಿಕೆಗಳಿವೆಯೆಂದು ಯಾರೂ ಹೇಳಿರಲಿಲ್ಲ. "ಸರ್, ಎಲ್ಲಾ ಪದಕ್ಕೂ ಹೀಗೆ ಬೇರು ಇರುತ್ತಾ?"

"ಬಹಳಷ್ಟಕ್ಕೆ ಇರುತ್ತೆ. ಕಲೀತೀರಾ?"

ಆ ಒಂದು ಪ್ರಶ್ನೆಯಿಂದ ಹತ್ತು ವರ್ಷದ ಭಾನುವಾರಗಳು ಹುಟ್ಟಿಕೊಂಡವು.

ದೊರೆಸ್ವಾಮಿಯವರ ಕ್ರಮ ಕಟ್ಟುನಿಟ್ಟಿನದು. ವಾರಕ್ಕೆ ಐದೇ ಪದ. ಆರನೆಯದನ್ನು ಕೇಳಿದರೆ ಹೇಳುತ್ತಿರಲಿಲ್ಲ. ಐದಕ್ಕೂ ಬೇರು ಹುಡುಕಬೇಕು, ಗಟ್ಟಿಯಾಗಿ ಉಚ್ಚರಿಸಬೇಕು, ಕನ್ನಡದಲ್ಲಿ ಅದಕ್ಕೆ ಸರಿಸಾಟಿ ಏನೆಂದು ಹೇಳಬೇಕು, ಮತ್ತು ತನಗೆ ಗೊತ್ತಿರುವ ಒಬ್ಬ ಮನುಷ್ಯನ ಮೇಲೆ ಒಂದು ವಾಕ್ಯ ಕಟ್ಟಬೇಕು. ಪುಸ್ತಕದಲ್ಲಿದ್ದ ವಾಕ್ಯವನ್ನು ಒಪ್ಪಿಸಿದರೆ ನಡೆಯುತ್ತಿರಲಿಲ್ಲ. ಹೀಗಾಗಿ ಮಹಾನಂದಳ ನೋಟುಪುಸ್ತಕದಲ್ಲಿ ಅವಳ ಬಳಗವೆಲ್ಲ ಬಂದು ಕೂತಿತು. ಆ ಪುಸ್ತಕವೂ ಪ್ರೆಸ್ಸಿನಲ್ಲಿ ಉಳಿದ ತುಂಡು ಕಾಗದವನ್ನು ಅವಳೇ ಹೊಲಿದು ಮಾಡಿಕೊಂಡದ್ದು. ಟ್ಯಾಸಿಟರ್ನ್ ಎಂದರೆ ಮಿತಭಾಷಿ: ಗೌರೀಶ. ಗ್ಯಾರ್ಯುಲಸ್ ಎಂದರೆ ವಾಚಾಳಿ: ಶೀನಣ್ಣ. ಫ್ರೂಗಲ್ ಎಂದರೆ ಹಿತಮಿತವಾಗಿ ಬಾಳುವವರು: ಒಂದು ಬೆಂಕಿಕಡ್ಡಿಯಲ್ಲಿ ದೀಪವನ್ನೂ ಒಲೆಯನ್ನೂ ಹಚ್ಚುವ ತಿಮ್ಮಕ್ಕ. ಕಾಲಹರಣ ಮಾಡುವುದಕ್ಕೆ ಪ್ರೊಕ್ರಾಸ್ಟಿನೇಟ್ ಎನ್ನುವ ಪದ ಬಂದಾಗ ದೊರೆಸ್ವಾಮಿ, ಲ್ಯಾಟಿನ್ನಿನಲ್ಲಿ ಕ್ರಾಸ್ ಅಂದರೆ ನಾಳೆ ಎಂದರು. ಮಹಾನಂದ ಥಟ್ಟನೆ, "ನಮ್ಮ ಬೀದೀಲಿ ಚಿಕ್ಕವಳಿದ್ದಾಗ ಎಲ್ಲಾ ಬಾಗಿಲ ಮೇಲೂ 'ನಾಳೆ ಬಾ' ಅಂತ ಬರೆದಿರ್ತಿದ್ರು ಸರ್! ದೆವ್ವಕ್ಕೇ ಪ್ರೊಕ್ರಾಸ್ಟಿನೇಟ್ ಮಾಡೋಕೆ ಹೇಳ್ತಿದ್ರು ಅನ್ನಿ" ಎಂದಳು. ಮೇಷ್ಟ್ರು ಆ ವಾಕ್ಯವನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಮಹಾನಂದಳಿಗೆ ರ‍್ಯಾಂಕ್ ಬಂದಷ್ಟು ಸಂತೋಷವಾಯಿತು.

ಎಷ್ಟನೆಯ ತಿಂಗಳಲ್ಲೋ ಅವರ ಬಾಯಲ್ಲಿ "ನೀವು" ಹೋಗಿ "ನೀನು" ಬಂತು. ಇವಳ ಬಾಯಲ್ಲಿ "ಸರ್" ಹೋಗಿ "ಮೇಷ್ಟ್ರೇ" ಬಂತು.

ಪದಗಳು ಗುಡ್ಡೆಯಾದಂತೆ ಅವನ್ನು ಎಲ್ಲಾದರೂ ಬಳಸಬೇಕೆಂಬ ಚಪಲವೂ ಹುಟ್ಟಿತು. ಧೃತಿ ಆಗ ಐದನೇ ಕ್ಲಾಸು, ಇಂಗ್ಲಿಷ್ ಮಾಧ್ಯಮದ ಶಾಲೆ. ಪ್ರತಿವರ್ಷ ಪೋಷಕರ ಸಭೆಗೆ ಹೋಗಿ ಮೂಲೆಯಲ್ಲಿ ಕೂತು, ಟೀಚರು ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತಿದ್ದ ಮಹಾನಂದ ಆ ಸಲ ಮೂರು ವಾಕ್ಯ ಗಟ್ಟಿಮಾಡಿಕೊಂಡು ಹೋದಳು. ಧೃತಿ ತರಗತಿಯಲ್ಲಿ ಮಾತಾಡುವುದೇ ಇಲ್ಲ ಎಂದು ಟೀಚರು ಹೇಳಿದ್ದೇ ತಡ, ತನಗೂ ಅದೇ ಕಳವಳವೆನ್ನಲು ಎದ್ದು ನಿಂತು, "ಐ ಆಮ್ ಆಲ್ಸೊ ಪರ್ಟರ್ಬ್ಡ್ ಬೈ ಹರ್ ಟ್ಯಾಸಿಟರ್ನಿಟಿ, ಮೇಡಂ" ಎಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಆ ಟೀಚರು ಕಣ್ಣು ಪಿಳಿಪಿಳಿ ಬಿಟ್ಟು, "ಸಾರಿ?" ಎಂದರು. ಮಹಾನಂದ ಇನ್ನೂ ಜೋರಾಗಿ ಹೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ಆ ಪದವನ್ನು ಅಣಕಿಸಿದರು. ಧೃತಿ ಡೆಸ್ಕಿನ ಮೇಲೆ ತಲೆ ಇಟ್ಟುಬಿಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಕೊನೆಗೆ, "ನೀನು ಕನ್ನಡದಲ್ಲೇ ಮಾತಾಡಿದ್ರೆ ಏನಾಗ್ತಿತ್ತಮ್ಮ? ನಾಳೆ ಕ್ಲಾಸಲ್ಲಿ ನಂಗೆ ಎಲ್ರೂ ಟ್ಯಾಸಿಟರ್ನಿಟಿ ಅಂತಾನೇ ಕರೀತಾರೆ" ಎಂದಳು.

ಮಹಾನಂದ ಎರಡು ಭಾನುವಾರ ಬಸವನಗುಡಿಯ ಕಡೆ ತಲೆ ಹಾಕಲಿಲ್ಲ. ನೋಟುಪುಸ್ತಕವನ್ನು ಬಟ್ಟೆಗಳ ಅಡಿಗೆ ತಳ್ಳಿದಳು. ಮೂರನೆಯ ವಾರ ಪ್ರೆಸ್ಸಿಗೆ ಫೋನು ಬಂತು.

"ಜ್ವರವೇನಮ್ಮಾ?"

"ಇಲ್ಲ ಮೇಷ್ಟ್ರೇ." ತಡೆಯಲಾರದೆ ಎಲ್ಲವನ್ನೂ ಹೇಳಿದಳು.

"ಭಾನುವಾರ ಬಾ" ಎಂದಷ್ಟೇ ಹೇಳಿ ಇಟ್ಟರು.

ಹೋದಾಗ ಮೊದಲು ಶ್ರೀವಿದ್ಯಾ ಕಾಫಿ ಕೊಟ್ಟಳು. ಮೇಷ್ಟ್ರು ತಮ್ಮದೇ ಕಥೆಯಿಂದ ಶುರುಮಾಡಿದರು. "ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನ, ಕೋಲಾರದ ಕಡೆ ಒಂದು ಕಾಲೇಜು. ನನಗೆ ಗೊತ್ತಿರೋ ದೊಡ್ಡ ದೊಡ್ಡ ಪದ ಎಲ್ಲಾ ಹೊರಗೆ ಹಾಕಿ ಒಂದು ಗಂಟೆ ಭಾಷಣ ಬಿಗಿದೆ. ಮುಗಿದ ಮೇಲೆ, ಏನಾದ್ರೂ ಪ್ರಶ್ನೆ ಇದೆಯಾ ಅಂದೆ. ಹಿಂದಿನ ಬೆಂಚಿಂದ ಒಬ್ಬ ಎದ್ದು, 'ಸಾರ್, ನಿಮ್ಮದು ಯಾವ ಸಬ್ಜೆಕ್ಟು?' ಅಂದ."

ಮಹಾನಂದ ನಕ್ಕಳು. ನಗುವಾಗ ಕಣ್ಣಲ್ಲಿ ನೀರೂ ಬಂತು.

"ನಿನ್ನ ಹತ್ರ ಒಳ್ಳೇ ರೇಷ್ಮೆ ಸೀರೆ ಇದೆ. ಅದನ್ನ ಉಟ್ಕೊಂಡು ಹಾಲಿನ ಬೂತಿಗೆ ಹೋದ್ರೆ ಜನ ನಗ್ತಾರೆ. ಅದರಲ್ಲಿ ಸೀರೇದೇನೂ ತಪ್ಪಿಲ್ಲ, ಉಟ್ಟೋಳದ್ದೂ ದೊಡ್ಡ ತಪ್ಪಲ್ಲ. ಬೀರೂನಲ್ಲಿ ಇರ್ಲಿ. ಬೇಕಾದಾಗ ತೆಗೀಬೇಕು. ಯಾವಾಗ ಬೇಕು ಅಂತ ಗೊತ್ತಾಗೋದಿದೆಯಲ್ಲ, ಅದಕ್ಕೇ ಹತ್ತು ವರ್ಷ ಹಿಡಿಯೋದು."

ಆ ಸಂಜೆ ಮನೆಗೆ ಬಂದು ಮಹಾನಂದ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ನಿನ್ನ ಶಾಲೇಲಿ ಇನ್ಮೇಲೆ ಕನ್ನಡದಲ್ಲೇ ಮಾತಾಡ್ತೀನಿ ಪುಟ್ಟಿ. ಆದ್ರೆ ಓದೋದು ಬಿಡಲ್ಲ" ಎಂದಳು. ಧೃತಿ ಒಪ್ಪಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ, "ಅದರ ಅರ್ಥ ಏನಮ್ಮ, ಪರ್ಟರ್ಬ್ಡ್?" ಎಂದು ಕೇಳಿದಳು.

ಮುಂದಿನ ಎರಡು ವರ್ಷ ಸದ್ದಿಲ್ಲದೆ ಕಳೆದವು. ಪ್ರೆಸ್ಸಿನಲ್ಲಿ ಈಗ ಅವಳು ಬರಿಯ ಅಕ್ಷರ ಒತ್ತುತ್ತಿರಲಿಲ್ಲ, ಓದುತ್ತಿದ್ದಳು. ಒಕ್ಕಣೆಯಲ್ಲಿ ಅಡ್ಡಾದಿಡ್ಡಿ ಇದ್ದರೆ ಗಿರಾಕಿಗೆ ಮೆಲ್ಲಗೆ ಹೇಳುತ್ತಿದ್ದಳು. ಕೆಲವರು ತಿದ್ದಿಕೊಳ್ಳುತ್ತಿದ್ದರು, ಕೆಲವರು ಗುರ್ರೆನ್ನುತ್ತಿದ್ದರು.

ಹೀಗಿರುವಾಗ ಮಲ್ಲೇಶ್ವರದಿಂದ ಒಂದು ಕೆಲಸ ಬಂತು. ಸಂಪಿಗೆ ರಸ್ತೆಯ ಆಚೆ ಹೊಸದಾಗಿ ತೆರೆದಿದ್ದ ಸಕ್ಕರೆ ಕಾಯಿಲೆಯ ಕ್ಲಿನಿಕ್ಕು. ರೋಗಿಗಳ ಕೈಗೆ ಕೊಡಲು ಐದು ಸಾವಿರ ಕರಪತ್ರ, ಇಂಗ್ಲಿಷಿನಲ್ಲಿ. ವಿನ್ಯಾಸವೆಲ್ಲ ಬೇರೆಲ್ಲೋ ಆಗಿ ಫೈಲು ತಯಾರಾಗಿ ಬಂದಿತ್ತು. ಇವರು ಪ್ಲೇಟು ಮಾಡಿಸಿ ಮೆಷಿನ್ನಿಗೆ ಹಾಕಿದರೆ ಸಾಕು. ಮಹಾನಂದ ಅಭ್ಯಾಸಬಲದಿಂದ ಓದಿದಳು.

ಎರಡು ಬಣ್ಣದ ಚೌಕಗಳು. ಒಂದರ ತಲೆಯ ಮೇಲೆ ಹೈಪರ್‌ಗ್ಲೈಸೀಮಿಯಾ ಎಂದಿತ್ತು. ಕೆಳಗೆ: ಬೆವರು, ಕೈನಡುಕ, ತಲೆಸುತ್ತು, ತಕ್ಷಣ ಸಕ್ಕರೆ ತಿನ್ನಿ. ಇನ್ನೊಂದರ ಮೇಲೆ ಹೈಪೊಗ್ಲೈಸೀಮಿಯಾ. ಕೆಳಗೆ: ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಸಿಹಿಯನ್ನು ಮುಟ್ಟಲೇಬೇಡಿ.

ಓದಿ ಕೆಳಗಿಟ್ಟವಳು ಮತ್ತೆ ಎತ್ತಿಕೊಂಡಳು. ಏನೋ ಸರಿಯಿಲ್ಲ. ಹೈಪೊ ಎಂದರೆ ಗ್ರೀಕಿನಲ್ಲಿ ಕೆಳಗೆ. ಚರ್ಮದ ಕೆಳಗೆ ಚುಚ್ಚುವ ಸೂಜಿಗೆ ಹೈಪೊಡರ್ಮಿಕ್ ಎಂಬ ಹೆಸರು ಬಂದದ್ದು ಅದರಿಂದಲೇ. ಹೈಪರ್ ಎಂದರೆ ಮೇಲೆ, ಅತಿಯಾಗಿ. ಹಾಗಾದರೆ ಹೈಪೊಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಇಳಿದದ್ದು. ಸಕ್ಕರೆ ಇಳಿದರೆ ಏನಾಗುತ್ತದೆಂದು ಅವಳಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಿರಲಿಲ್ಲ. ಹಿಂದಿನ ವರ್ಷ ತಿಮ್ಮಕ್ಕ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ತಿನ್ನದೆ ಇದ್ದು, ಮೈಯೆಲ್ಲ ಬೆವರಿ, ಕೈ ನಡುಗಿ, ಬಚ್ಚಲ ಬಾಗಿಲಲ್ಲಿ ಕುಸಿದಿದ್ದರು. ಪಕ್ಕದ ಮನೆಯ ನರ್ಸಮ್ಮ ಬಂದು ಬಾಯಿಗೆ ಸಕ್ಕರೆ ನೀರು ಹಾಕಿದ ಮೇಲೆ ಕಣ್ಣು ಬಿಟ್ಟಿದ್ದರು.

ತಲೆಬರಹಗಳು ಅದಲು ಬದಲಾಗಿದ್ದವು. ನಿಮಗೆ ಹೈಪೊ ಆಗಿದೆ ಎಂದು ಡಾಕ್ಟರು ಹೇಳಿ ಕಳಿಸಿದ ರೋಗಿ ಈ ಕಾಗದ ನೋಡಿದರೆ ಸಿಹಿ ಮುಟ್ಟದೆ ಕೂರುತ್ತಾನೆ.

"ಶೀನಣ್ಣ, ಇದನ್ನ ಮೆಷಿನ್ನಿಗೆ ಹಾಕ್ಬೇಡಿ."

"ಯಾಕಮ್ಮ? ಡಾಕ್ಟ್ರು ಕೊಟ್ಟಿರೋದು. ಅವ್ರಿಗಿಂತ ನಮಗೆ ಜಾಸ್ತಿ ಗೊತ್ತಾ? ಕಾಪಿ ಹೆಂಗಿದ್ಯೋ ಹಂಗೆ ಹೊಡಿಯೋದು ನಮ್ಮ ಕೆಲಸ."

"ಒಂದು ದಿನ ಕೊಡಿ ಅಣ್ಣ. ತಪ್ಪು ನಂದಾದ್ರೆ ಎಲ್ರ ಮುಂದೆ ಬೈಸ್ಕೊಳ್ತೀನಿ."

ಕ್ಲಿನಿಕ್ಕಿಗೆ ಫೋನು ಮಾಡಿದಳು. ಎತ್ತಿದ ಹುಡುಗಿ ಅರ್ಧ ಕೇಳಿ, "ಮೇಡಂ ಓಕೆ ಮಾಡಿದಾರೆ, ಪ್ರಿಂಟ್ ಮಾಡಿ ಕಳ್ಸಿ" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಅದೇ ಉತ್ತರ. ಮಹಾನಂದ ಮಾರ್ಕೆಟ್ಟಿನವರೆಗೆ ನಡೆದು ಹೋಗಿ ಮೆಟ್ರೊ ಹತ್ತಿದಳು. ಪಿಯುಸಿ ಓದಿದ ತಾನು ಡಾಕ್ಟರ ತಪ್ಪು ಹಿಡಿಯಲು ಹೊರಟಿದ್ದೇನೆಯೇ? ಹಿಂದಿನ ಬೆಂಚಿನ ಆ ನಗು ಕಿವಿಯಲ್ಲಿ ಕೇಳಿಸಿದ ಹಾಗಾಯಿತು. ಕರಪತ್ರವನ್ನು ತೆಗೆದು ಮತ್ತೊಮ್ಮೆ ಓದಿದಳು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಎಷ್ಟು ಸಲ ನೋಡಿದರೂ ತಪ್ಪು ಅಲ್ಲೇ ಇತ್ತು.

ಕ್ಲಿನಿಕ್ಕಿನಲ್ಲಿ ರೋಗಿಗಳ ನಡುವೆ ಎರಡು ಗಂಟೆ ಕೂತಳು. ಕೊನೆಗೆ ಒಳಗೆ ಕರೆದರು. ಡಾಕ್ಟರ್ ತೇಜಶ್ರೀಗೆ ಮೂವತ್ತೈದರ ಆಸುಪಾಸು. ಸುಸ್ತಾಗಿದ್ದರು. "ರಿಪೋರ್ಟ್ ತಂದಿದೀರಾ?" ಎಂದರು, ತಲೆ ಎತ್ತದೆ.

ಮಹಾನಂದಳ ನಾಲಗೆಯ ತುದಿಗೆ ಎರಡು ಮೂರು ಭಾರದ ಇಂಗ್ಲಿಷ್ ಪದಗಳು ಬಂದು ನಿಂತಿದ್ದವು. ಅವನ್ನೆಲ್ಲ ನುಂಗಿಕೊಂಡಳು. "ನಾನು ಪೇಷಂಟ್ ಅಲ್ಲ ಡಾಕ್ಟ್ರೇ, ಪ್ರೆಸ್ಸಿನೋಳು. ಈ ಎರಡು ಹೆಡ್ಡಿಂಗು ಅದಲು ಬದಲಾಗಿದೆ ಅನ್ಸುತ್ತೆ. ಒಂದ್ಸಲ ನೋಡ್ಬಿಡಿ."

ಡಾಕ್ಟರು ಕಾಗದ ತೆಗೆದುಕೊಂಡರು. ಓದುತ್ತ ಓದುತ್ತ ಅವರ ಬೆನ್ನು ನೆಟ್ಟಗಾಯಿತು.

"ಎಷ್ಟು ಪ್ರಿಂಟ್ ಆಗಿದೆ?"

"ಒಂದೂ ಆಗಿಲ್ಲ."

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ಎದ್ದು ಬಂದು ಮಹಾನಂದಳ ಎರಡೂ ಕೈ ಹಿಡಿದುಕೊಂಡರು. "ನಾನು ಬರೆದುಕೊಟ್ಟಾಗ ಸರಿ ಇತ್ತು. ಡಿಸೈನ್ ಮಾಡುವಾಗ ಬಾಕ್ಸ್ ಬದಲಾಗಿದೆ. ಕೊನೇ ಸಲ ನಾನು ಬಣ್ಣ ನೋಡಿ ಓಕೆ ಅಂದ್ಬಿಟ್ಟೆ, ಓದಲಿಲ್ಲ. ಇದು ಹೊರಗೆ ಹೋಗಿದ್ರೆ..." ಆಮೇಲೆ ಕೇಳಿದರು: "ನೀವು ಏನು ಓದಿದೀರ?"

"ಪಿಯುಸಿ ಆಗಿದೆ ಡಾಕ್ಟ್ರೇ. ಆಮೇಲೆ ಭಾನುವಾರ ಭಾನುವಾರ ಓದ್ತಾ ಇದೀನಿ."

ಆ ಭಾನುವಾರ ಅವಳು ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದಳು. ಹೇಳಿ ಮುಗಿಸಿ, ಬಗ್ಗಿ ಅವರ ಕಾಲು ಮುಟ್ಟಿದಳು. ಅವರು ಎಂದೂ ನಮಸ್ಕಾರ ಮಾಡಿಸಿಕೊಳ್ಳುವವರಲ್ಲ, ಅವತ್ತು ತಡೆಯಲಿಲ್ಲ.

"ಮೂವತ್ತೈದು ವರ್ಷ ಪಾಠ ಮಾಡಿದೆ ಮಹಾನಂದ" ಎಂದರು. "ಎಷ್ಟೋ ಸಾವಿರ ಹುಡುಗರು. ಪರೀಕ್ಷೆಗೆ ಓದಿದರು, ಬರೆದರು, ಮರೆತರು. ಅದು ಅವರ ತಪ್ಪಲ್ಲ. ಹೈಪೊ ಹೈಪರ್ ಅಂತ ನಾನು ಎಷ್ಟು ಕ್ಲಾಸಲ್ಲಿ ಬೋರ್ಡಿನ ಮೇಲೆ ಬರೆದಿಲ್ಲ? ಅದರಿಂದ ಒಂದು ಜೀವಕ್ಕೆ ಬರೋ ಆಪತ್ತು ತಪ್ಪೀತು ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ನೀವು ಹೇಳಿಕೊಡದೇ ಇದ್ದಿದ್ರೆ ಮೇಷ್ಟ್ರೇ..."

"ತಾಳು. ಅದನ್ನೇ ಹೇಳ್ತಿದೀನಿ. ಕಾವೇರಿ ಇದ್ದಾಗ ಭಾನುವಾರ ಪೇಪರಿನ ಪದಬಂಧ ನಾವಿಬ್ಬರೂ ಜೊತೇಲಿ ಬಿಡಿಸ್ತಿದ್ವಿ. ಜಗಳ ಆಡ್ಕೊಂಡು. ಅವಳು ಹೋದ್ಮೇಲೆ ನನಗೆ ವಾರದ ಆರು ದಿನ ಹೇಗೋ ಸಾಗ್ತಿತ್ತು, ಭಾನುವಾರ ಬಂದ್ರೆ ಭಯ ಆಗ್ತಿತ್ತು. ನೀನು ಬಂದೆ. ಯಾರು ಯಾರಿಗೆ ಉಪಕಾರ ಮಾಡಿದ್ದು ಅಂತ ನಾನು ಲೆಕ್ಕ ಹಾಕೋಕೆ ಹೋಗಲ್ಲ."

ಮಹಾನಂದ ಎದ್ದಳು. ಅಡುಗೆಮನೆಗೆ ಹೋಗಿ ಶ್ರೀವಿದ್ಯಾಳ ಜೊತೆ ನಿಂತು ಹುರುಳಿಕಾಯಿ ಸೋಸಿಕೊಟ್ಟು ಬಂದಳು.

ಆಮೇಲಿನದು ನಿಧಾನವಾಗಿ ನಡೆದುಬಂದ ಸಂಗತಿ. ಡಾಕ್ಟರ್ ತೇಜಶ್ರೀ ತಮ್ಮ ಕ್ಲಿನಿಕ್ಕಿನ ಪ್ರತಿಯೊಂದು ಕಾಗದವನ್ನೂ ಮಹಾನಂದ ಓದಿ ಸರಿ ಎಂದ ಮೇಲೆಯೇ ಅಚ್ಚು ಹಾಕಿಸಿದರು. ತಮ್ಮ ಗೆಳತಿಯರಿಗೂ ಹೇಳಿದರು. ಒಂದು ಕಣ್ಣಿನ ಆಸ್ಪತ್ರೆ, ಎರಡು ಶಾಲೆ, ಮಕ್ಕಳ ಪುಸ್ತಕ ತರುವ ಒಂದು ಚಿಕ್ಕ ಪ್ರಕಾಶನ, ಹೀಗೆ ಕೆಲಸ ಬಂತು. ಶೀನಣ್ಣ ಕಿಟಕಿಯ ಪಕ್ಕದಲ್ಲಿ ಅವಳಿಗೊಂದು ಬೇರೆ ಮೇಜು ಹಾಕಿಸಿದ. "ನಮ್ಮ ಪ್ರೂಫ್ ರೀಡರ್ ಮೇಡಂ ನೋಡ್ದೆ ಇಲ್ಲಿಂದ ಒಂದು ಚೀಟಿ ಆಚೆ ಹೋಗಲ್ಲ ಸಾರ್" ಎನ್ನುವುದು ಅವನ ಹೊಸ ಮಾತು. ಕಾಲೇಜು ಸೇರಿದ ಧೃತಿ ಏನಾದರೂ ಬರೆಯುವಾಗ ಈಗ ಅಮ್ಮನಿಗೇ ಫೋನು ಮಾಡುತ್ತಾಳೆ: "ಅಮ್ಮ, ಸುಮ್ನೆ ಹಟ ಮಾಡೋನಿಗೆ ಒಂದು ಪದ ಹೇಳು, ತುಂಬಾ ಭಾರ ಇರಬಾರದು."

ಮೇಷ್ಟ್ರಿಗೆ ಈಗ ಎಪ್ಪತ್ತೆಂಟು. ಕಣ್ಣಿನ ನಡುಭಾಗ ಮಸುಕಾಗಿ ಸಣ್ಣ ಅಕ್ಷರ ಓದಲಾಗುವುದಿಲ್ಲ. ಭಾನುವಾರ ಬೆಳಗ್ಗೆ ಮಹಾನಂದ ಇಂಗ್ಲಿಷ್ ಪೇಪರನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಾಳೆ. ಉಚ್ಚಾರ ತಪ್ಪಿದರೆ ಅವರು ಈಗಲೂ ಬೆರಳು ಎತ್ತುತ್ತಾರೆ, ಆದರೆ ಬೆರಳು ಏಳುವುದು ಅಪರೂಪ.

ಕಳೆದ ಡಿಸೆಂಬರಿನ ಒಂದು ಭಾನುವಾರ. ಬೆಂಗಳೂರಿನ ಹಳೆಯ ಚಳಿ ಎರಡು ದಿನದ ಮಟ್ಟಿಗೆ ಮರಳಿ ಬಂದಿತ್ತು. ಇಬ್ಬರೂ ಜಗಲಿಯಿಂದ ಇಳಿದು, ಅಂಗಳದಲ್ಲಿ ಬಿಸಿಲು ಬಿದ್ದಿದ್ದ ಕಡೆ ಕುರ್ಚಿ ಹಾಕಿಕೊಂಡಿದ್ದರು. ಪುರವಣಿಯ ಒಂದು ಅಂಕಣ ಓದುತ್ತಿದ್ದ ಮಹಾನಂದ ಒಂದು ಪದದ ಹತ್ತಿರ ನಿಂತಳು.

"ಅಪ್ರಿಸಿಟಿ. ಏನು ಮೇಷ್ಟ್ರೇ ಇದು?"

ಅವರು ಹುಬ್ಬು ಗಂಟಿಕ್ಕಿದರು. "ಇನ್ನೊಂದ್ಸಲ ಹೇಳು." ಹೇಳಿದಳು. ಅಕ್ಷರ ಬಿಡಿಸಿ ಹೇಳು ಎಂದರು. ಹೇಳಿದಳು. ತಲೆಯಾಡಿಸಿದರು. "ಗೊತ್ತಿಲ್ಲಮ್ಮ. ಕೇಳೇ ಇಲ್ಲ."

ಹತ್ತು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಒಳಗಿನಿಂದ ಶ್ರೀವಿದ್ಯಾ ಫೋನಿನಲ್ಲಿ ಹುಡುಕಿ ಹೇಳಿದಳು: ಬಲು ಹಳೆಯ ಪದವಂತೆ, ಬಳಕೆಯಲ್ಲಿ ಇಲ್ಲವಂತೆ, ಚಳಿಗಾಲದ ಬಿಸಿಲು ಮೈಗೆ ಕೊಡುವ ಬೆಚ್ಚನೆಯ ಹಿತ ಎಂದು ಅರ್ಥವಂತೆ.

"ಅಂದ್ರೆ ನಾವಿಬ್ಬರೂ ಈಗ ಮಾಡ್ತಿರೋದೇ" ಎಂದಳು ಮಹಾನಂದ. "ಬಿಸಿಲು ಕಾಯಿಸ್ಕೊಳ್ಳೋದು."

ದೊರೆಸ್ವಾಮಿ ಮಗುವಿನ ಹಾಗೆ ಹಿಗ್ಗಿದರು. ಎರಡು ಮೂರು ಸಲ ಬಾಯಲ್ಲಿ ಆ ಪದವನ್ನು ಹೊರಳಿಸಿದರು. "ನೋಡು, ಎಪ್ಪತ್ತೆಂಟಕ್ಕೆ ಒಂದು ಹೊಸ ಪದ ಸಿಕ್ತು. ಅದೂ ನಿನ್ನ ಕೈಯಿಂದ" ಎಂದರು.

ಅಷ್ಟರಲ್ಲಿ ಶ್ರೀವಿದ್ಯಾ ಕಾಫಿಯ ಲೋಟಗಳನ್ನು ಹಿಡಿದು ಹೊರಗೆ ಬಂದಳು. "ಪದ ಇರ್ಲಿ, ಬಿಸಿಲೇ ಆ ಕಡೆ ಹೋಯ್ತಲ್ಲ! ಅಪ್ಪನ ಕಾಲು ನೆರಳಲ್ಲಿದೆ" ಎಂದಳು. ಮಹಾನಂದ ಎದ್ದು ಮೇಷ್ಟ್ರ ಕೈ ಹಿಡಿದುಕೊಂಡಳು. ಕುರ್ಚಿಗಳನ್ನು ನಂಜಬಟ್ಟಲಿನ ಆಚೆಗೆ ಎಳೆದು ಹಾಕಿ, ಕಾಫಿ ಕುಡಿದು, ಅವಳು ಪೇಪರಿನ ಮುಂದಿನ ಪುಟ ತೆರೆದಳು.